ನಲವತ್ತು ವರ್ಷದ ಮೇಲೆ ಕಾಲೇಜು ಗೆಳೆಯರು ಸೇರ್ತಿದೀವಿ: ದಾವಣಗೆರೆನಾ, ದುರ್ಗನಾ?

ಹಿಂದಿನ_ಬೆಂಚು

ಎಲ್ಲರಿಗೂ ನಮಸ್ಕಾರ. ನಾವು 1983ರಲ್ಲಿ ದಾವಣಗೆರೆಯಲ್ಲಿ ಬಿ.ಎಸ್ಸಿ. ಮುಗಿಸಿದವರು. ಆಗ ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲಿತ್ತು, ಪದವಿ ಪತ್ರ ಮೈಸೂರು ವಿಶ್ವವಿದ್ಯಾನಿಲಯದ್ದು. ಎರಡು ವರ್ಷದ ಹಿಂದೆ ಯಾರೋ ವಾಟ್ಸಾಪ್ ಗ್ರೂಪ್ ಮಾಡಿದರು. ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಶುಭೋದಯ, ಹಬ್ಬಕ್ಕೆ ಶುಭಾಶಯ, ಆಗಾಗ ಓಂ ಶಾಂತಿ. ಅಷ್ಟೇ ನಡೀತಿತ್ತು. ಹೋದ ತಿಂಗಳು ಒಬ್ಬ "ಬರೀ ಓಂ ಶಾಂತಿ ಹಾಕೋಕೆ ಗ್ರೂಪ್ ಯಾಕ್ರಲೇ, ಬದುಕಿರೋರು ಒಂದ್ಸಲ ಸೇರನ" ಅಂತ ಬರೆದ. ಅಲ್ಲಿಂದ ಶುರುವಾಗಿದೆ.

ಹನ್ನೆರಡರಿಂದ ಹದಿನೈದು ಜನ ಆಗಬಹುದು. ಎರಡು ದಿನ, ಹೆಚ್ಚಂದ್ರೆ ಎರಡು ರಾತ್ರಿ. ಒಂದು ಬಣ ಚಿಕ್ಕಮಗಳೂರಿನ ಕಡೆ ರೆಸಾರ್ಟ್ ಅಂತಿದೆ. ಇನ್ನೊಂದು ಬಣ ಕಾಲೇಜಿನಲ್ಲೇ ವೇದಿಕೆ ಹಾಕಿಸಿ ಗುರುವಂದನೆ ಇಟ್ಕೊಳ್ಳೋಣ ಅಂತಿದೆ. ನನಗೆ ಎರಡೂ ಬೇಡ. ಸುಮ್ನೆ ಹರಟೆ ಹೊಡೆಯೋ ಹಾಗಿರಬೇಕು.

ತೊಡಕುಗಳನ್ನೂ ಹೇಳಿಬಿಡ್ತೀನಿ. ಇಬ್ಬರಿಗೆ ಮೊಣಕಾಲು ಬದಲಿಸಿದ್ದಾರೆ. ಒಬ್ಬನಿಗೆ ಮಂಗಳವಾರ, ಗುರುವಾರ, ಶನಿವಾರ ಡಯಾಲಿಸಿಸ್, ಅವನು ದಾವಣಗೆರೆಯಲ್ಲೇ ಇದಾನೆ. ಕ್ಲಾಸಿನಲ್ಲಿ ಆರು ಜನ ಹುಡುಗಿಯರಿದ್ದರು, ನಾಲ್ವರ ನಂಬರ್ ಸಿಕ್ಕಿದೆ, ಗ್ರೂಪಿನಲ್ಲಿ ಒಬ್ಬರೂ ತುಟಿ ಬಿಚ್ಚಿಲ್ಲ. ಇನ್ನೊಬ್ಬ ಹೊಸದುರ್ಗದ ಕಡೆಯವನು, ಕ್ಲಾಸಿನವನ ಹತ್ತಿರವೇ ಯಾವತ್ತೋ ಕೈಸಾಲ ಮಾಡಿ ತೀರಿಸಲಾಗದೆ ಎಲ್ಲರಿಂದಲೂ ದೂರ ಆದವನು. ಅವನನ್ನ ಕರೆಯೋದು ಹೇಗೆ?

ಅನುಭವ ಇದ್ದವರು ಹೇಳಿ.

ಮಿರ್ಚಿ_ಮಂಡಕ್ಕಿ

ಚಿಕ್ಕಮಗಳೂರಿಗೆ ಹೋಗಿ ಏನ್ ಮಾಡ್ತೀರಿ ಸಾರ್? ಮಂಜು ನೋಡ್ತೀರಿ, ಮಾರನೇ ದಿನ ಕೆಮ್ತೀರಿ. ಓದಿದ ಊರು ಐತೆ, ಇಲ್ಲಿಗೇ ಬರ್ರಿ. ಬೆಳಿಗ್ಗೆ ಬೆಣ್ಣೆ ದೋಸೆ, ಸಂಜಿಕೆ ಮಿರ್ಚಿ ಮಂಡಕ್ಕಿ, ನಡುವೆ ಏನಾರ ಮಾಡ್ಕಳ್ರಿ.

ಒಂದೇ ಮಾತು. ನೀವು ಬಿಟ್ಟುಹೋದ ದಾವಣಗೆರೆ ಹುಡುಕಬ್ಯಾಡ್ರಿ. ಆವಾಗ ಕಾಟನ್ ಮಿಲ್ ಕೂಗಿಗೆ ಊರು ಏಳ್ತಿತ್ತು, ಆ ಕಾಲ ಹೋತು. ಮೀಟರ್ ಗೇಜ್ ರೈಲು ಹೋಗಿ ವಂದೇ ಭಾರತ್ ಬಂದು ನಿಲ್ತೈತೆ. 1997ರಿಂದ ನಾವೇ ಜಿಲ್ಲಾ ಕೇಂದ್ರ. ಕುಂದುವಾಡ ಕೆರೆ ಹತ್ರ ಗಾಜಿನ ಮನೆ ಆಗೈತೆ, ಸಂಜೆ ವಾಕಿಂಗಿಗೆ ಭಾಳ ಚಲೋ, ನೆಲ ಸಮ, ಮೊಣಕಾಲಿಗೆ ತ್ರಾಸಿಲ್ಲ.

ದೋಸೆ ವಿಷಯ. ಭಾನುವಾರ ಒಂಬತ್ತರ ಮ್ಯಾಲೆ ಹೋದ್ರೆ ಹದಿನೈದು ಜನಕ್ಕೆ ಒಟ್ಟಿಗೆ ಜಾಗ ಸಿಗಲ್ಲ, ನಿಂತವರು ಕೂತವರ ತಟ್ಟೆ ನೋಡ್ಕೊಂಡು ನಿಂದ್ರಬೇಕು. ಏಳೂವರೆಗೆ ಹೋಗ್ರಿ. ಸೌದೆ ಒಲೆ ಮ್ಯಾಲೆ ಮಾಡೋ ಹೋಟ್ಲೇ ಆರಿಸ್ಕಳ್ರಿ. ಒಬ್ಬೊಬ್ಬರಿಗೆ ಒಂದು ಬೆಣ್ಣೆ, ಒಂದು ಓಪನ್ ಹೇಳ್ರಿ, ಖಾಲಿ ದೋಸೆ ಆಮೇಲೆ ನೋಡನ. ವೈದ್ಯರು ಏನಂದಾರೆ ಅನ್ನೋದನ್ನ ಅವತ್ತು ಮನೇಲಿಟ್ಟು ಬರ್ರಿ.

ಮಾತ್ರೆಡಬ್ಬಿ

ನಿವೃತ್ತ ಸ್ಟಾಫ್ ನರ್ಸ್ ನಾನು. ಮೇಲಿನವರ ಕೊನೇ ಸಾಲು ಓದಿ ಕೈ ಸುಮ್ನಿರಲಿಲ್ಲ. ಉಳಿದವರು ಒಂದು ದಿನ ಬೆಣ್ಣೆ ತಿಂದರೆ ಪ್ರಪಂಚ ಮುಳುಗಲ್ಲ. ಡಯಾಲಿಸಿಸ್ ಇರೋ ನಿಮ್ಮ ಗೆಳೆಯರ ಲೆಕ್ಕ ಬೇರೆ.

ಶನಿವಾರ ಆದಮೇಲೆ ಮುಂದಿನದು ಮಂಗಳವಾರ, ಅಂದ್ರೆ ವಾರದಲ್ಲೇ ಉದ್ದದ ಬಿಡುವು ಅದು. ಭಾನುವಾರ ಆರಾಮಾಗಿರ್ತಾರೆ, ಸೋಮವಾರ ಸಂಜೆ ಹೊತ್ತಿಗೆ ಮೈಯಲ್ಲಿ ನೀರು ತುಂಬ್ಕೊಳ್ಳುತ್ತೆ, ಏದುಸಿರು ಬರಬಹುದು. ಹಾಗಾಗಿ ಮುಖ್ಯವಾದದ್ದೆಲ್ಲ ಭಾನುವಾರ ಇಟ್ಕೊಳ್ಳಿ, ಸೋಮವಾರ ಅವರನ್ನ ಓಡಾಡಿಸಬೇಡಿ. ಶನಿವಾರ ರಾತ್ರಿ ಎಳೆದುಕೊಂಡು ಬರಬೇಡಿ, ಅವತ್ತು ಸುಸ್ತು ಜಾಸ್ತಿ.

ಇನ್ನು ಪ್ರೀತಿಯಿಂದ ಕೊಡೋ ತೊಂದರೆಗಳು. ಎಳನೀರು, ಬಾಳೆಹಣ್ಣು, ಕಿತ್ತಳೆ ರಸ ಕೊಡಬೇಡಿ, ಅದರಲ್ಲಿನ ಪೊಟ್ಯಾಸಿಯಂ ಅವರಿಗೆ ಆಗಲ್ಲ. ಮಂಡಕ್ಕಿ, ಮಿರ್ಚಿ, ಉಪ್ಪಿನಕಾಯಿಯ ಉಪ್ಪು ಬಾಯಾರಿಕೆ ತರುತ್ತೆ, ಅವರಿಗೆ ಅಳತೆ ನೀರು ಮಾತ್ರ. "ಒಂದ್ಲೋಟ ಕುಡಿಯೋ, ಏನಾಗಲ್ಲ" ಅನ್ನೋ ಗೆಳೆಯರೇ ಅಪಾಯ. ಎಷ್ಟು ನೀರು, ಯಾವ ಹಣ್ಣು ಅಂತ ಅವರ ವೈದ್ಯರು ಹೇಳಿರ್ತಾರೆ, ಮೊದಲೇ ಅವರ ಮನೆಯವರನ್ನ ಕೇಳಿ ಬರೆದಿಟ್ಟುಕೊಳ್ಳಿ. ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚೋಕೆ ಜೋಡಿಸಿರೋ ರಕ್ತನಾಳ) ಇರೋ ಕೈಯನ್ನ ಹಿಡಿದು ಎಳೆಯೋದು, ಆ ತೋಳಿಗೆ ಬ್ಯಾಗ್ ನೇತುಹಾಕೋದು ಬೇಡ. ನಲವತ್ತು ವರ್ಷದ ಮೇಲೆ ಸಿಕ್ಕ ಗಂಡಸರು ಮೊದಲು ಮಾಡೋ ಕೆಲಸ ತೋಳು ಹಿಡಿದು ಜಗ್ಗೋದು.

ಸಕ್ಕರೆ ಕಾಯಿಲೆಯವರು ಎಷ್ಟು ಜನ ಅಂತ ಕೇಳಲ್ಲ, ಎಲ್ಲರೂ ಅಂದ್ಕೊಂಡೇ ಊಟದ ಹೊತ್ತು ಇಟ್ಟುಕೊಳ್ಳಿ. ಇನ್ಸುಲಿನ್ ತಗೊಂಡು ಮಾತಿನ ಭರದಲ್ಲಿ ಊಟ ಎರಡು ಗಂಟೆ ತಡ ಆದ್ರೆ ಕಷ್ಟ.

ದುರ್ಗದಕ್ಕ

ಹುಡುಗಿಯರು ತುಟಿ ಬಿಚ್ಚಿಲ್ಲ ಅಂದ್ರಲ್ಲ, ಅದಕ್ಕೆ ಉತ್ತರ ಕೊಡ್ತೀನಿ. ನಾನೂ ಚಿತ್ರದುರ್ಗದಲ್ಲಿ ಓದಿ, ಇಲ್ಲೇ ಹೈಸ್ಕೂಲು ಮೇಷ್ಟ್ರಾಗಿ ನಿವೃತ್ತಿ ಆದವಳು. ನಮ್ಮ ಬ್ಯಾಚಿನವರು ಮೊದಲ ಸಲ ಸೇರಿದಾಗ ನಾನೂ ತುಟಿ ಬಿಚ್ಚಿರಲಿಲ್ಲ.

ಅರವತ್ತು ಗಂಡಸರ ಮೀಸೆ ನಡುವೆ "ನಾನೂ ಬರ್ತೀನಿ" ಅಂತ ಟೈಪ್ ಮಾಡೋಕೆ ಮುಜುಗರ. ಮನೆಯಲ್ಲಿ ಯಾರೋ ಹಾಸಿಗೆ ಹಿಡಿದಿರ್ತಾರೆ, ಇಲ್ಲ ಮೊಮ್ಮಗನ್ನ ಶಾಲೆಯಿಂದ ಕರ್ಕೊಂಡು ಬರೋಳು ಅವಳೇ. ಗಂಡಸರು "ಹೆಂಡ್ತಿಗೆ ಹೇಳಿ ಬಂದೆ" ಅಂತಾರೆ. ನಾವು ಮಗ, ಸೊಸೆ, ಕೆಲಸದವಳು, ಪಕ್ಕದ ಮನೆಯವರು, ಫ್ರಿಜ್ಜಿನಲ್ಲಿರೋ ಹಿಟ್ಟು, ಎಲ್ಲದಕ್ಕೂ ಹೇಳಿ ಬರಬೇಕು.

ಮೆಸೇಜ್ ಹಾಕಬೇಡಿ, ಫೋನ್ ಮಾಡಿ. ನೀವು ಮಾಡಬೇಡಿ, ಆ ನಾಲ್ವರಲ್ಲಿ ಒಬ್ಬಳನ್ನ ಹಿಡಿದು ಅವಳಿಂದ ಉಳಿದವರಿಗೆ ಮಾಡಿಸಿ. ಎಷ್ಟು ಗಂಟೆಗೆ ಶುರು, ಎಷ್ಟಕ್ಕೆ ಮುಗಿಯುತ್ತೆ ಖಚಿತ ಹೇಳಿ. ರಾತ್ರಿ ಉಳಿಯೋದು ಕಡ್ಡಾಯ ಅಲ್ಲ ಅನ್ನೋದನ್ನ ಮೊದಲ ವಾಕ್ಯದಲ್ಲೇ ಹೇಳಿ. ಅದಕ್ಕೇ ರೆಸಾರ್ಟ್ ಬೇಡ. ರೆಸಾರ್ಟ್ ಅಂದ ಕೂಡಲೇ ರಾತ್ರಿ ಉಳಿಯಬೇಕು, ಉಳಿಯಬೇಕು ಅಂದ ಕೂಡಲೇ ಅವಳು ಬರಲ್ಲ. ದಾವಣಗೆರೆ ಆದ್ರೆ ಹೊಳಲ್ಕೆರೆಯಿಂದಲೋ ಹರಪನಹಳ್ಳಿಯಿಂದಲೋ ಬೆಳಿಗ್ಗೆ ಬಸ್ಸು ಹತ್ತಿ ಸಂಜೆಗೆ ಮನೆ ಸೇರಬಹುದು. ಸಾಮಾನ್ಯ ಬಸ್ಸು, ವೇಗದೂತಕ್ಕೆ ಹೆಂಗಸರಿಗೆ ಪುಕ್ಕಟೆ ಪ್ರಯಾಣದ ಶಕ್ತಿ ಯೋಜನೆ ಬೇರೆ ಇದೆ, ಆಧಾರ್ ತೋರಿಸಿದ್ರೆ ಆಯ್ತು. 2023ರ ಜೂನ್‌ನಿಂದ ನಮ್ಮ ಗುಂಪಿನ ಹೆಂಗಸರು ಜಾಸ್ತಿ ಸೇರೋದಕ್ಕೆ ಅದೂ ಒಂದು ಕಾರಣ, ನಗಬೇಡಿ.

ಮೊಮ್ಮಗನ್ನ ಕರ್ಕೊಂಡು ಬಂದ್ರೂ ಪರವಾಗಿಲ್ಲ ಅಂತ ಹೇಳಿ.

ಒಂಟಿಸಲಗ

ಎಲ್ಲರೂ ಇಷ್ಟು ಉತ್ಸಾಹದಲ್ಲಿರೋವಾಗ ಬೇಸರದ ಮಾತು ಆಡ್ತೀನಿ. ನಾನು ಇಂಥದ್ದಕ್ಕೆ ಹೋಗಲ್ಲ. ಒಂದ್ಸಲ ಹೋಗಿದ್ದೆ. ವೇದಿಕೆ, ಫ್ಲೆಕ್ಸು, ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಶಾಲು, ಹಾರ, ನೆನಪಿನ ಕಾಣಿಕೆ. ಮೂರು ಗಂಟೆ ಕುರ್ಚಿಯಲ್ಲಿ ಕೂತು ಮುಂದಿದ್ದವನ ಬೋಳು ತಲೆ ನೋಡಿದ್ದೇ ಬಂತು, ಅವನು ಯಾರು ಅಂತ ಊಟದ ಹೊತ್ತಿಗೆ ಗೊತ್ತಾಯ್ತು, ನನ್ನ ರೂಂಮೇಟು! ಮಾತಾಡೋಣ ಅನ್ನೋವಷ್ಟರಲ್ಲಿ ವಂದನಾರ್ಪಣೆ.

ಆಮೇಲೆ ಆ ಪ್ರಶ್ನೆ. "ಏನಾಗಿ ರಿಟೈರ್ ಆದೆ?" ಒಬ್ಬ ಕಾರ್ಯನಿರ್ವಾಹಕ ಎಂಜಿನಿಯರ್, ಒಬ್ಬ ಜಂಟಿ ನಿರ್ದೇಶಕ. ನಾನು ಅನುದಾನವಿಲ್ಲದ ಶಾಲೆಯಲ್ಲಿ ಗಣಿತ ಹೇಳಿಕೊಟ್ಟವನು, ಪಿಂಚಣಿ ಇಲ್ಲ. ಮಗಳು ಅಮೆರಿಕದಲ್ಲಿಲ್ಲ, ಹರಿಹರದಲ್ಲಿದಾಳೆ. ಮುಂದೇನು ಮಾತು?

ಹಿಂದಿನ_ಬೆಂಚು

ಸಲಗ ಅವರೇ, ಬೇಸರದ ಮಾತೇನಲ್ಲ. ನನಗೆ ವೇದಿಕೆ ಬೇಡ ಅನ್ನಿಸೋದು ಇದಕ್ಕೇ. ಆದ್ರೆ ಗುರುವಂದನೆ ಬಣದವರ ಮಾತಲ್ಲೂ ಹುರುಳಿದೆ, ನಮಗೆ ಕೆಮಿಸ್ಟ್ರಿ ಹೇಳಿದ ಮೇಷ್ಟ್ರು ಇನ್ನೂ ಇದಾರೆ, ವಯಸ್ಸು ಎಂಬತ್ತೈದು ದಾಟಿದೆ.

ಖಜಾಂಚಿ

ಅವರನ್ನ ವೇದಿಕೆಗೆ ಕರೆಸಬೇಡಿ, ನೀವೇ ಅವರ ಮನೆಗೆ ಹೋಗಿ. ನಾಲ್ಕೈದು ಜನ ಮಾತ್ರ, ಅರ್ಧ ಗಂಟೆ. ಎಂಬತ್ತೈದರ ಮನುಷ್ಯನ್ನ ಬಿಸಿಲಲ್ಲಿ ಕೂರಿಸಿ ಶಾಲು ಹೊದಿಸೋದು ಗೌರವ ಅಲ್ಲ ಸ್ವಾಮಿ.

ದುಡ್ಡಿನ ಮಾತು ನಾನು ಹೇಳ್ತೀನಿ, ನಮ್ಮ ಬ್ಯಾಚಿನ ಲೆಕ್ಕ ನನ್ನ ತಲೆಗೇ ಕಟ್ಟಿದಾರೆ. "ತಲೆಗೆ ಐದು ಸಾವಿರ" ಅಂತ ಗ್ರೂಪಿನಲ್ಲಿ ಹಾಕಿದ ದಿನವೇ ಮೂರು ಜನಕ್ಕೆ ಏನೋ ಕೆಲಸ ಬೀಳುತ್ತೆ. "ಮಗಳ ಮನೆಗೆ ಹೋಗಬೇಕು", "ಕಣ್ಣು ಆಪರೇಷನ್". ಯಾರೂ ದುಡ್ಡಿಲ್ಲ ಅಂತ ಹೇಳಲ್ಲ. ನಾವೀಗ ಮಾಡೋದು ಹೀಗೆ: ಎಲ್ಲರಿಗೂ ಒಂದೇ ಸಣ್ಣ ಮೊತ್ತ, ಯಾರೂ ಹಿಂದೆಮುಂದೆ ನೋಡದಷ್ಟು. ಉಳಿದದ್ದನ್ನ ಕೈಯಲ್ಲಿ ದುಡ್ಡಿರೋ ಮೂರ್ನಾಲ್ಕು ಜನರಿಗೆ ನಾನೇ ಬೇರೆ ಬೇರೆಯಾಗಿ ಫೋನ್ ಮಾಡಿ ತಗೊಳ್ತೀನಿ. ಯಾರು ಎಷ್ಟು ಕೊಟ್ಟರು ಅನ್ನೋದು ಗ್ರೂಪಿಗೆ ಹೋಗಲ್ಲ, ಖರ್ಚಿನ ಪಟ್ಟಿ ಮಾತ್ರ ಹೋಗುತ್ತೆ. ಒಬ್ಬರು ದೊಡ್ಡಸ್ತಿಕೆಗೆ "ಪೂರ್ತಿ ನಾನೇ ನೋಡ್ಕೋತೀನಿ" ಅಂದ್ರೆ ಬಿಲ್ಕುಲ್ ಒಪ್ಪಬೇಡಿ. ಊಟ ಅವರದ್ದಾದ ಮೇಲೆ ಮಾತೂ ಅವರದ್ದೇ ಆಗುತ್ತೆ.

ಸಾಲದ ಗೆಳೆಯನ ವಿಷಯ. ನೀವು ಎಷ್ಟು ಕರೆದರೂ ಪ್ರಯೋಜನ ಇಲ್ಲ. ಸಾಲ ಕೊಟ್ಟವನೇ ಫೋನ್ ಮಾಡಿ "ಬಾ" ಅನ್ನಬೇಕು. "ಆ ದುಡ್ಡು ಮರೆತುಬಿಡು" ಅಂತಲೂ ಅನ್ನಬಾರದು, ಅದು ಇನ್ನೂ ಕೆಟ್ಟದು. ದುಡ್ಡಿನ ಮಾತೇ ಎತ್ತದೆ ಕರೆದರೆ ಬಂದಾನು.

ಅಡಿಕೆತೋಟ

ನಾನು ಚನ್ನಗಿರಿ ಕಡೆಯವನು. ಸೆಕೆಂಡ್ ಇಯರ್‌ನಲ್ಲಿ ಎರಡು ಸಬ್ಜೆಕ್ಟ್ ಹೋಗಿ, ಅಪ್ಪ "ಸಾಕು ಬಾ" ಅಂದ್ರು, ತೋಟಕ್ಕೆ ಬಂದೆ. ಡಿಗ್ರಿ ಮುಗಿಸಿದವರು ನನ್ನ ಬ್ಯಾಚಿನವನು ಅಂತ ಲೆಕ್ಕಕ್ಕೆ ತಗೋತಾರೋ ಇಲ್ವೋ ಅಂತ ಬಹಳ ವರ್ಷ ಹೋಗಿರಲಿಲ್ಲ. ಈಗ ಅಡಿಕೆಗೆ ರೇಟು ಬಂದಮೇಲೆ ಎಲ್ಲರೂ ಲೆಕ್ಕಕ್ಕೆ ತಗೋತಾರೆ. ಬೆಂಚು ಅವರೇ, ನಡುವೆ ಬಿಟ್ಟುಹೋದವರನ್ನೂ ಹುಡುಕಿ.

ದಾವಣಗೆರೆಗೇ ಬಂದ್ರೆ ಒಂದು ಹೊತ್ತು ಈ ಕಡೆ ಸಂತೇಬೆನ್ನೂರಿಗೆ ಬನ್ನಿ. ಹದಿನಾರನೇ ಶತಮಾನದಲ್ಲಿ ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ ಪುಷ್ಕರಿಣಿ, ನೀರಿನ ನಡುವೆ ವಸಂತ ಮಂಟಪ, ದಂಡೆಯಲ್ಲಿ ಮುಸಾಫಿರ್ ಖಾನೆ. ಮೆಟ್ಟಿಲು ಕಡಿದು, ಕಾಲಿನವರು ಕೆಳಗೆ ಇಳಿಯೋದು ಬೇಡ, ಮೇಲೆ ಕೂತೇ ನೋಡಬಹುದು. ಅಲ್ಲಿಂದ ಮುಂದೆ ಸೂಳೆಕೆರೆ, ಶಾಂತಿಸಾಗರ ಅಂತಲೂ ಅಂತಾರೆ. ಏರಿ ಮೇಲೆ ನಿಂತು ನೀರು ನೋಡಿದ್ರೆ ಮಲೆನಾಡಿನ ರೆಸಾರ್ಟ್ ಬೇಕು ಅನ್ನಿಸಲ್ಲ.

ಮಗಳ_ಕಾರು

ನಮ್ಮಪ್ಪನ ಬ್ಯಾಚಿನವರು ಸೇರಿದಾಗ ನಾನು ಕಾರು ಓಡಿಸಿದ್ದೆ. ದುರ್ಗದ ಕೋಟೆ ಹತ್ತಿಸಲೇಬೇಡಿ ಅಂತ ಕೈ ಮುಗಿದು ಹೇಳ್ತೀನಿ. ನಾವು ಹೊರಟಿದ್ದೇ ಹನ್ನೊಂದೂವರೆಗೆ, ಅದೂ ಏಪ್ರಿಲ್. ಎಲ್ಲರಿಗೂ ಹದಿನೆಂಟು ವರ್ಷ ಬಂದ ಹಾಗೆ, ತುಪ್ಪದ ಕೊಳದ ಬಂಡೆ ಹತ್ತೇ ಹತ್ತುತೀವಿ ಅಂತ ಹಟ. ಬಂಡೆಯಲ್ಲಿ ಕೊರೆದ ಸಣ್ಣ ಗುಳಿಗಳಲ್ಲಿ ಕಾಲಿಟ್ಟು ಹತ್ತಬೇಕು. ಒಬ್ಬರು ಅರ್ಧಕ್ಕೆ ಹೋಗಿ ಮೇಲಕ್ಕೂ ಬರಲ್ಲ, ಕೆಳಕ್ಕೂ ಬರಲ್ಲ. ಅಲ್ಲಿಗೆ ಬಂದಿದ್ದ ಶಾಲಾ ಮಕ್ಕಳು ಅಜ್ಜನ ಕಾಲನ್ನ ಒಂದೊಂದೇ ಗುಳಿಗೆ ಇಟ್ಟು ಇಳಿಸಿದರು. ಅಪ್ಪ ಇವತ್ತಿಗೂ ಅದನ್ನ ಸಾಹಸ ಅಂತಲೇ ಹೇಳ್ಕೊಂಡು ತಿರುಗ್ತಾರೆ.

ದುರ್ಗದಕ್ಕ

ಕೋಟೆ ಮೇಲೆ ತಪ್ಪು ಹೊರಿಸಬೇಡಮ್ಮ. ಏಪ್ರಿಲ್‌ನಲ್ಲಿ ಹನ್ನೊಂದೂವರೆಗೆ ಹೋದ್ರೆ ಬಂಡೆ ಏನು ಮಾಡುತ್ತೆ?

ಬೆಂಚು ಅವರೇ, ದುರ್ಗಕ್ಕೆ ಬರೋದಾದ್ರೆ ಚಳಿಗಾಲದಲ್ಲಿ ಬನ್ನಿ, ಬೆಳಿಗ್ಗೆ ಬಾಗಿಲು ತೆರೆಯುತ್ತಲೇ ಒಳಗಿರಿ. ಬಾಗಿಲುಗಳ ಸುತ್ತು ಕಳೆದು ಏಕನಾಥೇಶ್ವರಿ ಗುಡಿ ತನಕ ಹಾದಿ ಏರು, ಆದರೆ ಚಪ್ಪಡಿ ಹಾಸಿದೆ. ಚಪ್ಪಡಿ ಸವೆದು ನುಣ್ಣಗಾಗಿವೆ, ಚರ್ಮದ ಚಪ್ಪಲಿ ಬೇಡ, ರಬ್ಬರ್ ಅಟ್ಟೆಯ ಬೂಟು ಹಾಕಿ. ಹತ್ತೋದಕ್ಕಿಂತ ಇಳಿಯೋದೇ ಮೊಣಕಾಲಿಗೆ ಕಷ್ಟ, ಒಂದು ಕೋಲು ಇರಲಿ. ಕೈಯಲ್ಲಿ ತಿಂಡಿ ಪೊಟ್ಟಣ ಕಂಡ್ರೆ ಕೋತಿಗಳು ಬಿಡಲ್ಲ.

ಹಿಡಿಂಬೇಶ್ವರ, ಸಂಪಿಗೆ ಸಿದ್ಧೇಶ್ವರ ಕಡೆ ಅಲ್ಲಲ್ಲೇ ಕೂರುತ್ತಾ ಹೋದರೆ ಸಾಕು. ಆಗುವವರು ಗೋಪಾಲಸ್ವಾಮಿ ಹೊಂಡದ ತನಕ ಹೋಗಿ ಬನ್ನಿ. ನಮ್ಮ ಜನ ಓಬವ್ವನ ಕಿಂಡಿಗೆ ಮುಗಿಬೀಳ್ತಾರೆ, ನೋಡಲೇಬೇಕಾದ್ದು ನಿಜ, ಆದರೆ ನೀರಿನ ಏರ್ಪಾಡನ್ನ ಯಾರೂ ನೋಡಲ್ಲ. ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಊರೊಳಗಿನ ಸಂತೆ ಹೊಂಡ. ಮಳೆ ಕಡಿಮೆ ಬೀಳೋ ಊರು ಇದು. 1779ರಲ್ಲಿ ಹೈದರ್ ಅಲಿ ಗೆಲ್ಲೋ ತನಕ ಮತ್ತೆ ಮತ್ತೆ ಮುತ್ತಿಗೆ ತಡೆದುಕೊಂಡದ್ದು ಬರೀ ಗೋಡೆಯಿಂದಲ್ಲ, ಈ ನೀರಿನಿಂದ ಕೂಡ. ನನ್ನ ಮಕ್ಕಳಿಗೆ (ಶಾಲೆಯ ಮಕ್ಕಳು) ಮೂವತ್ತು ವರ್ಷ ಇದನ್ನೇ ಹೇಳಿದೀನಿ, ಪರೀಕ್ಷೆಗೆ ಬರಲ್ಲ ಅಂತ ಒಬ್ಬರೂ ಕೇಳಿಸಿಕೊಳ್ಳಲಿಲ್ಲ.

ಚಂದ್ರವಳ್ಳಿಗೆ ಹೋದರೆ ಕೆರೆ ದಂಡೆ, ಮಯೂರಶರ್ಮನ ಶಾಸನ ನೋಡಿ. ಅಂಕಲಿ ಮಠದ ಗುಹೆಗೆ ಬಗ್ಗಿ ಇಳಿಯಬೇಕು, ಕತ್ತಲು, ಬೆನ್ನು ನೋವಿನವರು ಹೊರಗೆ ನೆರಳಲ್ಲಿ ಕೂತಿರಲಿ.

ಮಿರ್ಚಿ_ಮಂಡಕ್ಕಿ

ಮೊಣಕಾಲಿನವರಿಗೆ ದುರ್ಗಕ್ಕಿಂತ ಹರಿಹರ ವಾಸಿ ಅಕ್ಕಾರೆ. ದಾವಣಗೆರೆಯಿಂದ ಅರ್ಧ ತಾಸು. ಹರಿಹರೇಶ್ವರ ಗುಡಿ 1224ರದ್ದು, ಹೊಯ್ಸಳರ ಕಾಲದ್ದು, ಹತ್ತೋದು ಇಳಿಯೋದು ಏನಿಲ್ಲ. ಮಂಟಪದ ಸುತ್ತ ಕಲ್ಲಿನ ಜಗಲಿ ಐತೆ, ಬೆನ್ನಿಗೆ ಒರಗೋಕೂ ಆಗ್ತೈತೆ, ತಣ್ಣಗಿರ್ತೈತೆ. ಎಂಟು ನೂರು ವರ್ಷದ ಹಿಂದೆನೇ ನಿಮ್ಮಂಥೋರು ಬಂದು ಕೂತ್ಕಳ್ಲಿ ಅಂತ ಮಾಡಿಟ್ಟಾರೆ.

ದುಗ್ಗಮ್ಮನ ಜಾತ್ರೆ ಹೊತ್ತಿಗೆ ಮಾತ್ರ ಬರಬ್ಯಾಡ್ರಿ. ಎರಡು ವರ್ಷಕ್ಕೊಮ್ಮೆ ಬರ್ತೈತೆ, ಊರಲ್ಲಿ ಕಾಲಿಡೋಕೆ ಜಾಗ ಇರಲ್ಲ.

ವಾಣಿವಿಲಾಸ

ಹಿರಿಯೂರಿನವರು ನಾವು. ಬೆಂಗಳೂರಿನಿಂದ ಬರೋರು ದಾರಿಯಲ್ಲಿ ಮಾರಿಕಣಿವೆ ನೋಡಿಕೊಂಡು ಬರಲಿ. 1907ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು. 1933ರಲ್ಲಿ ಕೋಡಿ ಬಿದ್ದದ್ದು, ಆಮೇಲೆ 89 ವರ್ಷ ಕಾದು 2022ರಲ್ಲಿ ಬಿತ್ತು. ನಿಮ್ಮ ನಲವತ್ತು ವರ್ಷ ಏನೂ ಅಲ್ಲ ಬಿಡಿ.

ಹಿಂದಿನ_ಬೆಂಚು

ಎಲ್ಲರಿಗೂ ಧನ್ಯವಾದ. ದಾವಣಗೆರೆ ಅಂತಲೇ ತೀರ್ಮಾನ, ಭಾನುವಾರ ಮತ್ತು ಸೋಮವಾರ. ಡಯಾಲಿಸಿಸ್ ಗೆಳೆಯನ ದಿನ ನೋಡಿಯೇ ದಿನ ಇಟ್ಟಿದೀವಿ, ಅದು ಹೇಳಿದ ಮೇಲೆ ರೆಸಾರ್ಟ್ ಬಣ ಬಾಯಿ ಮುಚ್ಚಿತು. ಒಂದೇ ಪ್ರಶ್ನೆ ಉಳಿದಿದೆ, ಮನೆಯವರನ್ನ ಕರೆತರಬೇಕಾ?

ಮಾತ್ರೆಡಬ್ಬಿ

ಬೇಡ. ಅವರಿಗೆ ನಿಮ್ಮ ಲ್ಯಾಬಿನ ಕಥೆ ಯಾವುದೂ ಗೊತ್ತಿಲ್ಲ, ಬಂದು ಒಂದು ಮೂಲೆಯಲ್ಲಿ ಕೂತು ಒಬ್ಬರನ್ನೊಬ್ಬರು "ನಿಮ್ಮೋರಿಗೂ ಶುಗರ್ರಾ" ಅಂತ ಕೇಳ್ಕೋಬೇಕು. ಒಬ್ಬರ ಸಹಾಯ ಇಲ್ಲದೆ ಓಡಾಡಲಾಗದವರಿದ್ರೆ ಮಾತ್ರ ಜೊತೆಗೆ ಬರಲಿ.

ದುರ್ಗದಕ್ಕ

ಗಂಡಸರ ಹೆಂಡತಿಯರ ಮಟ್ಟಿಗೆ ಒಪ್ಪಿದೆ. ಹೆಂಗಸರು ಗಂಡನ ಜೊತೆ ಬರ್ತೀನಿ ಅಂದ್ರೆ ಬೇಡ ಅನ್ನಬೇಡಿ. ಕೆಲವು ಮನೆಗಳಲ್ಲಿ ಹಾಗೆ ಬಂದರೇ ಬರೋದು. ಮಧ್ಯಾಹ್ನದ ಊಟದ ಹೊತ್ತಿಗೆ ಆ ಗಂಡನೇ ನಿಮ್ಮ ಬ್ಯಾಚಿನವನಾಗಿರ್ತಾನೆ.

ಒಂಟಿಸಲಗ

ಗುಂಡು ಹಾಕೋರ ವ್ಯವಸ್ಥೆ ಬಗ್ಗೆ ಯಾರೂ ಮಾತೇ ಆಡ್ಲಿಲ್ಲ. ಎಲ್ಲರೂ ಸಭ್ಯಸ್ಥರು.

ಖಜಾಂಚಿ

ಬೇರೆ ಕೋಣೆ, ಬೇರೆ ಲೆಕ್ಕ, ಸಾಮೂಹಿಕ ದುಡ್ಡಿನಿಂದ ಒಂದು ಪೈಸೆ ಇಲ್ಲ. ಮುಗೀತು.

ಹಿಂದಿನ_ಬೆಂಚು

ಆಯ್ತು, ಸೇರಿದ್ವಿ. ಕೇಳಿದವರಿಗಾಗಿ ಬರೀತಿದೀನಿ, ಉದ್ದ ಆದ್ರೆ ಕ್ಷಮಿಸಿ.

ಬೆಂಗಳೂರಿನಿಂದ ನಾವು ನಾಲ್ವರು ರೈಲಿನಲ್ಲಿ ಹೋದ್ವಿ. ಹಿರಿಯರ ರಿಯಾಯಿತಿ 2020ರ ಮಾರ್ಚ್‌ನಲ್ಲೇ ನಿಂತಿದೆ, ಕೇಳಿ ಪ್ರಯೋಜನ ಇಲ್ಲ. ಲಾಡ್ಜ್‌ನವರು ಫೋನಿನಲ್ಲಿ ನೆಲಮಹಡಿ ಅಂದಿದ್ದರು, ಹೋದ್ರೆ ಮೂರನೇ ಮಹಡಿ, ಲಿಫ್ಟು ಕೆಟ್ಟಿತ್ತು. ಒಂದು ಗಂಟೆ ಜಗಳ ಆಡಿ ಮೊಣಕಾಲಿನ ಇಬ್ಬರಿಗೆ ಮಾತ್ರ ಕೆಳಗೆ ಸಿಕ್ಕಿತು. ನೀವು ಯಾರಾದ್ರೂ ಮಾಡೋದಾದ್ರೆ ಊರಲ್ಲಿರೋ ಒಬ್ಬರು ಮುಂಚೆ ಹೋಗಿ ಕೋಣೆ, ಕಮೋಡ್ ಎರಡೂ ಕಣ್ಣಾರೆ ನೋಡಲಿ.

ದೋಸೆ, ಆಮೇಲೆ ಹರಿಹರ. ಮಿರ್ಚಿ ಅವರು ಹೇಳಿದ ಜಗಲಿ ಮೇಲೆ ಕೂತವರು ಎರಡು ಗಂಟೆ ಏಳಲಿಲ್ಲ. ಮೊದಲ ಅರ್ಧ ಗಂಟೆ ಎಲ್ಲರೂ "ಸಾರ್", "ಮೇಡಂ", "ತಾವು" ಅಂತ ಮಾತಾಡ್ತಿದ್ರು. ಅದು ಮುರಿದಿದ್ದು ಕಿಪ್ಸ್ ಉಪಕರಣದಿಂದ. ಉಪ್ಪು ಪತ್ತೆ ಮಾಡೋ ಪ್ರಾಕ್ಟಿಕಲ್ಸ್‌ಗೆ ಹೈಡ್ರೋಜನ್ ಸಲ್ಫೈಡ್ ತಯಾರಿಸೋ ಗಾಜಿನ ಪಾತ್ರೆ ಅದು, ಕೊಳೆತ ಮೊಟ್ಟೆ ವಾಸನೆ. ಒಂದು ದಿನ ಅದರ ನಲ್ಲಿ ತೆರೆದಿಟ್ಟು ಲ್ಯಾಬು ಖಾಲಿ ಮಾಡಿಸಿದವರು ಯಾರು ಅಂತ ಇವತ್ತಿನವರೆಗೂ ಗೊತ್ತಿರಲಿಲ್ಲ, ಹಾಸ್ಟೆಲಿನ ನಾಲ್ವರಿಗೆ ದಂಡ ಬಿದ್ದಿತ್ತು. ಹೊಳಲ್ಕೆರೆಯಿಂದ ಬಸ್ಸಿನಲ್ಲಿ ಬಂದಿದ್ದ ನಮ್ಮ ಸಹಪಾಠಿ, ಈಗ ಎರಡು ಮೊಮ್ಮಕ್ಕಳ ಅಜ್ಜಿ, ಸೀರೆ ಸೆರಗು ಸರಿ ಮಾಡ್ಕೊಂಡು "ಅದು ನಾನೇ" ಅಂದ್ರು. ದಂಡ ಕಟ್ಟಿದ್ದ ಒಬ್ಬ ಎದ್ದು ನಿಂತು "ಹತ್ತು ರೂಪಾಯಿ ಕೊಡು" ಅಂದ. ಅಲ್ಲಿಂದ ಮುಂದೆ ಯಾರೂ ತಾವು ಅನ್ನಲಿಲ್ಲ. ಅವರು ಐದು ಗಂಟೆ ಬಸ್ಸಿಗೆ ಹೊರಟರು, ಹತ್ತು ರೂಪಾಯಿ ಕೊಡಲಿಲ್ಲ.

ಹೆಂಗಸರು ಒಟ್ಟು ಮೂವರು ಬಂದರು. ಒಬ್ಬರು ಮೊಮ್ಮಗನ ಜೊತೆ, ಆ ಹುಡುಗ ಎಲ್ಲರ ಫೋನಿನ ಅಕ್ಷರ ದೊಡ್ಡದು ಮಾಡಿಕೊಟ್ಟ.

ಡಯಾಲಿಸಿಸ್ ಗೆಳೆಯ ಭಾನುವಾರ ಪೂರ್ತಿ ಇದ್ದ. ಮಂಡಕ್ಕಿ ಅಂಗಡಿಯಲ್ಲಿ ಮಿರ್ಚಿ ಮುಟ್ಟಲಿಲ್ಲ. ಜೇಬಿನಿಂದ ಸಣ್ಣ ಫ್ಲಾಸ್ಕ್ ತೆಗೆದು ಒಂದು ಐಸ್ ತುಂಡು ಬಾಯಲ್ಲಿಟ್ಟುಕೊಂಡ, ಬಾಯಾರಿಕೆಗೆ ಅದೇ ಉಪಾಯವಂತೆ. ನಮ್ಮಲ್ಲೊಬ್ಬ "ಸ್ವಲ್ಪ ಮಜ್ಜಿಗೆ ಕುಡಿಯೋ" ಅಂದಿದ್ದಕ್ಕೆ, ಮಾತ್ರೆಡಬ್ಬಿ ಅವರು ಬರೆದಿದ್ದನ್ನ ನಾನು ಜೋರಾಗಿ ಓದಿ ಹೇಳಬೇಕಾಯ್ತು. ಸೋಮವಾರ ಅವನ ಮನೆಯಲ್ಲೇ ಐದು ಜನ ಕೂತಿದ್ವಿ, ಉಳಿದವರು ದುರ್ಗದ ಕೋಟೆಗೆ ಹೋದರು. ಯಾರೂ ತುಪ್ಪದ ಕೊಳ ಹತ್ತಲಿಲ್ಲ.

ಮೇಷ್ಟ್ರ ಮನೆಗೆ ಹೋದ್ವಿ. ಒಬ್ಬರ ಹೆಸರೂ ಅವರಿಗೆ ನೆನಪಿರಲಿಲ್ಲ. ಆದರೆ ನಮ್ಮಲ್ಲೊಬ್ಬ ತಂದಿದ್ದ ಹಳೇ ರೆಕಾರ್ಡ್ ಪುಸ್ತಕ ತಿರುವಿ, ನೈಟ್ರೇಟ್ ಪತ್ತೆ ಮಾಡೋ ಬ್ರೌನ್ ರಿಂಗ್ ಪರೀಕ್ಷೆ ಬರೆದಿದ್ದ ಪುಟದಲ್ಲಿ ಬೆರಳಿಟ್ಟು, "ಆಸಿಡ್ ಅನ್ನು ಟೆಸ್ಟ್ ಟ್ಯೂಬಿನ ಗೋಡೆಗುಂಟ ನಿಧಾನ ಬಿಡಬೇಕು ಅಂತ ಬರೆದಿಲ್ಲವಲ್ಲ" ಅಂದರು.

ಖಜಾಂಚಿ

ಹೊಸದುರ್ಗದವರು ಬಂದ್ರಾ?

ಹಿಂದಿನ_ಬೆಂಚು

ಬರಲಿಲ್ಲ. ನೀವು ಹೇಳಿದ ಹಾಗೆ ಸಾಲ ಕೊಟ್ಟವನೇ ಫೋನ್ ಮಾಡಿದ್ದ, "ಬರ್ತೀನಿ ಕಣೋ" ಅಂದಿದ್ದನಂತೆ. ಭಾನುವಾರ ಬೆಳಿಗ್ಗೆ ಲಾಡ್ಜಿಗೆ ಒಂದು ಕ್ರೇಟ್ ದಾಳಿಂಬೆ ಬಂತು, ಅವನ ತೋಟದ್ದು. ಡಯಾಲಿಸಿಸ್ ಗೆಳೆಯನಿಗೆ ಆಗಲ್ಲ, ಉಳಿದವರು ತಿಂದ್ವಿ. ಸಾಲ ಕೊಟ್ಟವನು ಎರಡು ಹಣ್ಣು ಬ್ಯಾಗಿಗೆ ಹಾಕ್ಕೊಂಡ. ಮಾತಾಡಲಿಲ್ಲ, ನಾವೂ ಕೇಳಲಿಲ್ಲ.

ಒಂಟಿಸಲಗ

"ಏನಾಗಿ ರಿಟೈರ್ ಆದೆ" ಅಂತ ಯಾರೂ ಕೇಳಲಿಲ್ವಾ?

ಹಿಂದಿನ_ಬೆಂಚು

ಕೇಳಿದರು. ರೈಲಿನಲ್ಲೇ ಶುರು ಮಾಡಿದ್ದರು. ಅದನ್ನ ತಡೆಯೋಕೆ ಆಗಲ್ಲ ಸಲಗ ಅವರೇ. ಆದರೆ ವೇದಿಕೆ ಇಲ್ಲದಿದ್ದರೆ ಉತ್ತರ ಕೇಳಿಸಿಕೊಳ್ಳೋರು ಒಬ್ಬಿಬ್ಬರೇ, ಅಷ್ಟರಲ್ಲಿ ಯಾರೋ ಚಹಾ ಬಂತು ಅಂತಾರೆ.

ಅಡಿಕೆತೋಟ

ನಡುವೆ ಬಿಟ್ಟುಹೋದವರು ಯಾರಾದ್ರೂ ಸಿಕ್ಕಿದ್ರಾ?

ಹಿಂದಿನ_ಬೆಂಚು

ಇಬ್ಬರು ಸಿಕ್ಕರು. ಒಬ್ಬ ಟೆಂಪೋ ಟ್ರಾವೆಲರ್ ಇಟ್ಟಿದಾನೆ, ಎರಡು ದಿನ ಓಡಾಡಿಸಿದ್ದು ಅವನೇ, ಡೀಸೆಲ್‌ಗೆ ಮಾತ್ರ ದುಡ್ಡು ತಗೊಂಡ. ಹಾಗಾಗಿ ಖರ್ಚು ಕಳೆದು ಸಾವಿರದ ಚಿಲ್ಲರೆ ಉಳಿದಿದೆ. ಗ್ರೂಪಿನಲ್ಲಿ ಈಗ ಅದೇ ಜಗಳ. ಒಬ್ಬ ಕಾಲೇಜು ಲೈಬ್ರರಿಗೆ ಕೊಡೋಣ ಅಂತಾನೆ, ಒಬ್ಬ ಮುಂದಿನ ಸಲಕ್ಕೆ ಇಡೋಣ ಅಂತಾನೆ, ಊರಲ್ಲಿರೋ ನಾಲ್ವರು ಬರೋ ಭಾನುವಾರ ದೋಸೆ ತಿಂದು ಮುಗಿಸ್ತೀವಿ ಅಂತಿದಾರೆ.

ಮಿರ್ಚಿ_ಮಂಡಕ್ಕಿ

ದೋಸೆ ತಿಂದೇ ಮುಗಿಸ್ರಿ. ಏಳೂವರೆಗೆ ಹೋಗ್ರಿ ಅಂತ ಹೇಳ್ರಿ ಅವರಿಗೆ.